ಡಬ್ಬದ ಮೇಲಿನ ವ್ಯಾಟ್ ನೋಡಿ ಎಸ್‌ಎಂಪಿಎಸ್ ತಗೋಬೇಡಿ

ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ತಿಂಗಳುಗಟ್ಟಲೆ ವಿಚಾರಿಸುವ ಜನ, ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ (ಪವರ್ ಸಪ್ಲೈ) ವಿಷಯ ಬಂದಾಗ ಮಾತ್ರ ‘ಕ್ಯಾಬಿನೆಟ್ ಜೊತೆ ಬಂದದ್ದೇ ಇರಲಿ ಬಿಡಿ ಸಾರ್, 500 ವ್ಯಾಟ್ ಇದೆಯಲ್ಲ’ ಅನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ತಲೆ ಬಿಸಿಯಾಗುತ್ತದೆ.

ಎಸ್‌ಎಂಪಿಎಸ್ ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟ್ ಲೈನುಗಳಾಗಿ ಮಾಡಿಕೊಡುತ್ತದೆ. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಮ್ಮಿ ಪೂರ್ತಿ ಎಳೆಯುವುದು 12 ವೋಲ್ಟ್ ಲೈನಿನಿಂದ. ಹಾಗಾಗಿ ದೊಡ್ಡಕ್ಷರದ ವ್ಯಾಟ್ ಬಿಡಿ. ಪಕ್ಕದ ಲೇಬಲ್‌ನಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪ್ಸ್ ಇದೆ ನೋಡಿ, 12ರಿಂದ ಗುಣಿಸಿ. ನಿಮ್ಮ ಕೆಲಸಕ್ಕೆ ಬರುವ ವ್ಯಾಟ್ ಅದು. 12 ವೋಲ್ಟ್‌ಗೆ ಎರಡು ಕಾಲಂ ಇದ್ದರೆ ಎರಡರ ಆಂಪ್ಸನ್ನೂ ಹಾಗೇ ಒಟ್ಟು ಮಾಡಬೇಡಿ. ಎರಡೂ ಸೇರಿ ಎಷ್ಟು ಅಂತ ಕೆಳಗೆ ಬೇರೆ ಬರೆದಿರುತ್ತಾರೆ.

ಮದುವೆ ವಿಡಿಯೋ ಎಡಿಟ್ ಮಾಡುವ ಹುಡುಗನೊಬ್ಬ ಮಷೀನ್ ಹೊತ್ತು ತಂದಿದ್ದ. ಆಲ್ಬಂ ಕೆಲಸವೆಲ್ಲ ಸರಾಗ. ವಿಡಿಯೋ ಎಕ್ಸ್‌ಪೋರ್ಟ್‌ಗೆ ಇಟ್ಟರೆ ಟಪ್ ಅಂತ ಆಫ್. ವಿಂಡೋಸ್ ಹೊಸದಾಗಿ ಹಾಕಿಸಿಯೂ ನೋಡಿದ್ದ. ಪಾಪ, ಮದುವೆ ಮನೆಯವರದು ಫೋನ್ ಮೇಲೆ ಫೋನ್. ಸೈಡ್ ಪ್ಯಾನೆಲ್ ಬಿಚ್ಚಿ ಲೇಬಲ್ ತೋರಿಸಿದೆ. ಮೇಲೆ ದಪ್ಪಕ್ಷರದಲ್ಲಿ 500. ಕೆಳಗೆ 12 ವೋಲ್ಟ್ ಲೈನಿಗೆ 16 ಆಂಪ್ಸ್, ಅಂದ್ರೆ 192 ವ್ಯಾಟ್. ಅವನ ಐ5 12400 ಪ್ರೊಸೆಸರ್ ಜೋರಾಗಿ ಓಡುವಾಗ 117 ವ್ಯಾಟ್‌ವರೆಗೆ ಎಳೆಯಬಲ್ಲದು. ಆರ್‌ಟಿಎಕ್ಸ್ 3060 ಕಾರ್ಡ್ 170. ಎರಡೂ ಸೇರಿದರೆ 287. ‘ಅಣ್ಣಾ, ಹಾಗಾದ್ರೆ ಆ 500 ಯಾಕೆ ಬರೆದಿದ್ದಾರೆ?’ ಅಂದ. ನೀವು ಅಷ್ಟನ್ನೇ ಓದುತ್ತೀರಿ ಅಂತ, ಮಾರಾಯ.

ಮಷೀನ್ ಆಫ್ ಆಗುವುದಕ್ಕೆಲ್ಲ ಎಸ್‌ಎಂಪಿಎಸ್ಸೇ ಕಾರಣ ಅಂತ ನಾನು ಹೇಳುತ್ತಿಲ್ಲ. ಕೂಲರ್ ಸರಿಯಾಗಿ ಕೂತಿಲ್ಲದಿದ್ದರೂ ಹೀಗಾಗುತ್ತದೆ. ಬಿಚ್ಚಿ ನೋಡದೆ ಹೇಳಲು ಬರುವುದಿಲ್ಲ.

ಇಂಥ ಮಷೀನಿಗೆ 12 ವೋಲ್ಟ್‌ನಲ್ಲಿ 45 ಆಂಪ್ಸ್ ಹತ್ತಿರ ಕೊಡುವ 550 ವ್ಯಾಟ್‌ನದು ಹಾಕಿ. ಅರ್ಧ ಲೋಡಿನಲ್ಲಿ ಓಡಿದರೆ ಬಿಸಿ ಕಮ್ಮಿ. ಒಳಗಿನ ಕೆಪಾಸಿಟರ್‌ಗಳಿಗೆ ಬಿಸಿಯೇ ಶತ್ರು. 10 ಡಿಗ್ರಿ ಕಮ್ಮಿಯಾದರೆ ಅವುಗಳ ಆಯಸ್ಸು ಸುಮಾರು ದುಪ್ಪಟ್ಟು ಅನ್ನುವುದು ನಮ್ಮ ಕೆಲಸದ ಲೆಕ್ಕ. 80 ಪ್ಲಸ್ ಗೋಲ್ಡ್ ಅನ್ನೋದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದರ ಅಳತೆ, ಬಾಳಿಕೆಯ ಗ್ಯಾರಂಟಿ ಅಲ್ಲ. ಬಾಳಿಕೆಗೆ ವಾರಂಟಿ ನೋಡಿ. 5 ವರ್ಷಕ್ಕಿಂತ ಕಮ್ಮಿ ಇದ್ದರೆ ನಾನಂತೂ ಹಾಕುವುದಿಲ್ಲ. 10 ವರ್ಷ ಕೊಡುವವೂ ಇವೆ. ಕಂಪನಿ ಒಂದೇ ಆದರೂ ಸೀರೀಸ್ ಬೇರೆಯಾದರೆ ಒಳಗಿನ ಮಾಲೂ ಬೇರೆ.

‘ದೊಡ್ಡದು ಹಾಕಿದ್ರೆ ಬಿಲ್ ಜಾಸ್ತಿ ಬರಲ್ವಾ?’ ಇಲ್ಲ. ಮಷೀನ್ 300 ವ್ಯಾಟ್ ಕೇಳಿದರೆ, ಶೇ. 90 ದಕ್ಷತೆಯ ಎಸ್‌ಎಂಪಿಎಸ್ ಗೋಡೆಯಿಂದ ಎಳೆಯುವುದು 333 ಅಷ್ಟೆ. ಅದು 550ರದೋ 750ರದೋ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಒಳ್ಳೆಯದು ತಗೊಂಡರೆ ಮುಂದಿನ ಕಂಪ್ಯೂಟರಿಗೂ ಅದನ್ನೇ ಹಾಕಬಹುದು. ಆಗ ಅದರ ಕೇಬಲ್‌ಗಳನ್ನೂ ಜೊತೆಗೇ ಬಿಚ್ಚಿ ತನ್ನಿ. ಎರಡೂ ತುದಿ ಬಿಚ್ಚಿ ತೆಗೆಯಬಹುದಾದ ಮಾಡ್ಯುಲರ್ ಕೇಬಲ್‌ಗಳಲ್ಲಿ ಎಸ್‌ಎಂಪಿಎಸ್ ಕಡೆಯ ತುದಿಯ ಪಿನ್ ಜೋಡಣೆ ಒಂದೊಂದು ಕಂಪನಿಯದು ಒಂದೊಂದು ಥರ. ಬೇರೆಯದರ ಕೇಬಲ್ ಸರಿಯಾಗಿ ಕೂತಿತು ಅಂತ ಚುಚ್ಚಿದರೆ, 5 ವೋಲ್ಟ್ ಹೋಗಬೇಕಾದ ತಂತಿಯಲ್ಲಿ 12 ಹೋಗಿ ಹಾರ್ಡ್ ಡಿಸ್ಕ್ ಸುಟ್ಟುಹೋಗಬಹುದು. ಮಕ್ಕಳ ಫೋಟೋಗಳೆಲ್ಲ ಇದ್ದ ಡಿಸ್ಕ್ ಹೀಗೆ ಹೋದದ್ದನ್ನು ನೋಡಿದ್ದೇನೆ. ಕೇಬಲ್ ಕಳೆದಿದ್ದರೆ ಆ ಮಾಡೆಲ್‌ಗೆ ಹೊಂದುತ್ತದೆ ಅಂತ ಕಂಪನಿಯೇ ಹೇಳಿರುವುದನ್ನು ತರಿಸಿ.