ಎರಡು ಲೆಕ್ಕ, ಅರ್ಧ ಶತಮಾನ

ಒಂದು ಪುಟ್ಟ ಹೀಟರಿಗೆ 12 ವೋಲ್ಟ್ ಕೊಟ್ಟಾಗ 2 ಆಂಪಿಯರ್ ಕರೆಂಟ್ ಹರಿಯಿತು ಅನ್ನಿ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಕರೆಂಟಿಗೆ ಎದುರಾಗುವ ತಡೆ, 6 ಓಮ್. ಗುಣಿಸಿದರೆ ಪವರ್ 24 ವ್ಯಾಟ್. ಶಾಲೆಯಲ್ಲಿ ಎರಡೂ ಲೆಕ್ಕ ಒಟ್ಟಿಗೇ ಬರುತ್ತವೆ. ಆದರೆ ಇವು ಹುಟ್ಟಿದ್ದು ಬೇರೆ ಬೇರೆ ಜನರ ಕೈಯಲ್ಲಿ. ಓಮ್, ವ್ಯಾಟ್ ಒಂದೇ ಅಳತೆಪಟ್ಟಿಗೆ ಬರಲು ಅರ್ಧ ಶತಮಾನ ಹಿಡಿಯಿತು.

1820ರ ದಶಕದಲ್ಲಿ ಗೇಯಾರ್ಗ್ ಸೈಮನ್ ಓಮ್ ಜರ್ಮನಿಯ ಕಲೋನ್‌ನಲ್ಲಿ ಮೇಷ್ಟ್ರಾಗಿದ್ದರು. ಬೇರೆ ಬೇರೆ ಉದ್ದದ ತಂತಿಗಳಲ್ಲಿ ಎಷ್ಟು ಕರೆಂಟ್ ಹರಿಯುತ್ತದೆ ಎಂದು ಅಳೆಯಲು ಹೊರಟರು. ತೊಂದರೆ ಕೊಟ್ಟಿದ್ದು ಬ್ಯಾಟರಿ. ಆಗಿನ ಬ್ಯಾಟರಿಗಳ ಬಲ ಬಳಸುತ್ತಿದ್ದಂತೆ ಇಳಿಯುತ್ತಿತ್ತು. ಕರೆಂಟ್ ಕಮ್ಮಿಯಾಗಿದ್ದು ತಂತಿಯಿಂದಲೋ, ಬ್ಯಾಟರಿಯಿಂದಲೋ? ಹೇಳುವುದು ಹೇಗೆ? ಥರ್ಮೋಕಪಲ್ ಬಳಸಿ ನೋಡಿ ಎಂದು ಸಲಹೆ ಕೊಟ್ಟವರು ಜರ್ಮನ್ ವಿಜ್ಞಾನಿ ಪೋಗೆನ್‌ಡಾರ್ಫ್. ಎರಡು ಲೋಹಗಳನ್ನು ಎರಡು ಕಡೆ ಬೆಸೆದು, ಆ ಬೆಸುಗೆಗಳ ತಾಪ ಬೇರೆ ಬೇರೆ ಇಟ್ಟರೆ ವೋಲ್ಟೇಜ್ ಹುಟ್ಟುತ್ತದೆ; ಆ ಜೋಡಿಯೇ ಥರ್ಮೋಕಪಲ್. ಓಮ್ ಬಿಸ್ಮತ್ ಎಂಬ ಲೋಹ ಮತ್ತು ತಾಮ್ರವನ್ನು ಜೋಡಿಸಿದರು. ಒಂದು ಬೆಸುಗೆಯನ್ನು ಕುದಿಯುವ ನೀರಿನ ಶಾಖದಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರು. ಎರಡು ತುದಿಗಳ ತಾಪವೂ ಬದಲಾಗಲಿಲ್ಲ, ಹಾಗಾಗಿ ವೋಲ್ಟೇಜೂ ಕದಲಲಿಲ್ಲ. ತೂಗುಬಿಟ್ಟ ಕಾಂತದ ಸೂಜಿ ಎಷ್ಟು ತಿರುಗುತ್ತದೆ ಎಂಬುದರಿಂದ ಕರೆಂಟ್ ಗೊತ್ತಾಯಿತು. ಈ ಇಡೀ ಕಥೆಯಲ್ಲಿ ನನಗೆ ಅತಿ ದೊಡ್ಡದು ಅನ್ನಿಸುವುದು ಇದೇ ಕೆಲಸ. ಸ್ಥಿರವಾದ ವೋಲ್ಟೇಜ್ ಸಿಗದೆ ಸೂತ್ರ ಸಿಗುವಂತಿರಲಿಲ್ಲ.

1827ರಲ್ಲಿ ಓಮ್ ತಮ್ಮ ಪುಸ್ತಕ ಪ್ರಕಟಿಸಿದರು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸುವ ಲೆಕ್ಕವನ್ನು ಯಾವ ವಸ್ತುವಿಗಾದರೂ ಮಾಡಬಹುದು, ಅಲ್ವಾ? ಲೋಹದ ತಂತಿಯ ತಾಪ ಬದಲಾಗದಿದ್ದರೆ ಪ್ರತಿ ಸಲ ಅದೇ ಉತ್ತರ ಬರುತ್ತದೆ ಎನ್ನುವುದೇ ಅವರ ನಿಯಮದ ಜೀವಾಳ. ಪುಸ್ತಕಕ್ಕೆ ತವರಿನಲ್ಲಿ ಆದರ ಸಿಗಲಿಲ್ಲ. ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ ಓಮ್‌ಗೆ ತನ್ನ ಕಾಪ್ಲಿ ಪದಕ ಕೊಟ್ಟಿದ್ದು 1841ರಲ್ಲಿ. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ 1781ರಲ್ಲೇ ಈ ನಿಯಮದ ಹತ್ತಿರಕ್ಕೆ ಬಂದಿದ್ದರು, ತಮ್ಮ ಮೈಗೆ ತಗಲುವ ಶಾಕ್ ಎಷ್ಟು ಜೋರು ಎಂದು ಹೋಲಿಸಿ! ಆದರೆ ಅದನ್ನು ಪ್ರಕಟಿಸಲಿಲ್ಲ. ಅವರ ಟಿಪ್ಪಣಿಗಳು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಮೂಲಕ 1879ರಲ್ಲಿ ಹೊರಬಂದವು.

ಪವರಿನ ಲೆಕ್ಕ ಬಂದಿದ್ದು ಶಾಖದ ಕಡೆಯಿಂದ. ಇಂಗ್ಲೆಂಡಿನ ಜೇಮ್ಸ್ ಜೂಲ್ ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಕರೆಂಟ್ ಹರಿಸಿ, ನೀರು ಎಷ್ಟು ಬಿಸಿಯಾಗುತ್ತದೆ ಎಂದು ನೋಡಿದರು. ಸೆಕೆಂಡಿಗೆ ಹುಟ್ಟುವ ಶಾಖ ಕರೆಂಟಿನ ವರ್ಗ ಮತ್ತು ರೋಧದ ಗುಣಲಬ್ಧಕ್ಕೆ ತಕ್ಕಂತೆ ಇರುತ್ತದೆ ಎಂದು 1841ರಲ್ಲಿ ಪ್ರಕಟಿಸಿದರು. ರಷ್ಯಾದಲ್ಲಿ ಲೆಂಟ್ಸ್ ಎಂಬ ವಿಜ್ಞಾನಿ ಕೂಡ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡರು. ಈಗ ಓಮ್ ನಿಯಮ ಸೇರಿಸಿ: ಕರೆಂಟನ್ನು ರೋಧದಿಂದ ಗುಣಿಸಿದರೆ ವೋಲ್ಟೇಜ್. ಹಾಗಾಗಿ ಜೂಲ್ ಸೂತ್ರ ಸುಮ್ನೆ ವೋಲ್ಟೇಜ್ ಗುಣಿಸು ಕರೆಂಟ್ ಆಗಿಬಿಡುತ್ತದೆ. ನಮ್ಮ ಹೀಟರಿನ ರೋಧ ಬದಲಾಗದೆ ವೋಲ್ಟೇಜ್ 24ಕ್ಕೆ ಏರಿದರೆ, ಕರೆಂಟ್ 4 ಆಂಪಿಯರ್. ಪವರ್ 48 ಅಲ್ಲ, 96 ವ್ಯಾಟ್.

1881ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ವಿದ್ಯುತ್ ತಜ್ಞರ ಸಮ್ಮೇಳನ ಓಮ್, ವೋಲ್ಟ್, ಆಂಪಿಯರ್‌ಗಳನ್ನು ಒಪ್ಪಿಕೊಂಡಿತು. ಮರುವರ್ಷ ಎಂಜಿನಿಯರ್ ವಿಲಿಯಂ ಸೀಮೆನ್ಸ್ ಪವರಿನ ಅಳತೆಗೆ ವ್ಯಾಟ್ ಎಂಬ ಹೆಸರು ಸೂಚಿಸಿದರು.

ತಾಪ ಬದಲಾಗಬಾರದು ಎಂಬ ಓಮ್ ನಿಯಮದ ಆ ಷರತ್ತನ್ನು ಮಾತ್ರ ಇಂದಿಗೂ ಮರೆಯುವಂತಿಲ್ಲ. ಟಂಗ್‌ಸ್ಟನ್ ತಂತಿಯ ಬಲ್ಬು ಉರಿಯುವಾಗ ಅದರ ರೋಧ ತಣ್ಣಗಿರುವಾಗಿನದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಇರಬಹುದು. ಆರಿದ ಬಲ್ಬಿಗೆ ಮೀಟರ್ ಹಿಡಿದು, ಬಂದ ಓಮ್‌ನಿಂದ ಪವರ್ ಲೆಕ್ಕ ಹಾಕಿದರೆ ಉತ್ತರ ಎಲ್ಲೋ ಹೋಗುತ್ತದೆ. ಅದು ಉರಿಯುತ್ತಿರುವಾಗಲೇ ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಅಳೆಯಬೇಕು.