ಶಾಸಕರ ಪತ್ರ ಕೊಟ್ಟರೆ ನೇವಿಯಲ್ಲಿ ಪ್ರಮೋಷನ್ ಸಿಗುತ್ತದೆಯೇ?

ಪ್ರಶ್ನೆ: ಮಗ ನೇವಿಯಲ್ಲಿ ಸೇಲರ್. ವಶೀಲಿ ಇದ್ದವರಿಗೇ ಬೇಗ ಪ್ರಮೋಷನ್ ಅಂತ ಊರಲ್ಲೆಲ್ಲ ಹೇಳ್ತಾರೆ. ಶಾಸಕರಿಂದ ಒಂದು ಪತ್ರ ಮಾಡಿಸಿದರೆ ಉಪಯೋಗ ಆದೀತಾ?
– ಅಂಕೋಲಾದ ಓದುಗರೊಬ್ಬರು

ಉತ್ತರ: ದಯವಿಟ್ಟು ಮಾಡಿಸಬೇಡಿ. ಬಡ್ತಿಗಾಗಲಿ ವರ್ಗಾವಣೆಗಾಗಲಿ ಹೊರಗಿನವರ ಶಿಫಾರಸು ತರುವುದು ನಿಯಮಕ್ಕೇ ವಿರುದ್ಧ. ಪತ್ರ ಹೋದರೆ ಮಗನೇ ಕೂತು ವಿವರಣೆ ಬರೆಯಬೇಕಾದೀತು.

ಸೇಲರ್‌ಗಳ ಬಡ್ತಿಗೆ ಸೇವಾವಧಿ, ಇಲಾಖಾ ಪರೀಕ್ಷೆ, ಹಡಗಿನ ಮೇಲೆ ಕಳೆದ ಕಾಲ, ವರ್ಷವರ್ಷದ ಮೌಲ್ಯಮಾಪನ ಎಲ್ಲ ಲೆಕ್ಕಕ್ಕೆ ಬರುತ್ತವೆ. ಚೆನ್ನಾಗಿ ಓದುವ ಹುಡುಗನಾದರೆ ಅಧಿಕಾರಿಯಾಗುವ ದಾರಿಯೂ ಇದೆ. ನಮ್ಮ ಕಾರವಾರ ಕಡೆಯ ಚೆಂಡಿಯಾದ ರಾಮ ರಾಘೋಬ ರಾಣೆಯವರನ್ನೇ ನೋಡಿ. ಕಾನ್‌ಸ್ಟೇಬಲ್ ಒಬ್ಬರ ಮಗ, 1940ರಲ್ಲಿ ಭೂಸೇನೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿದವರು, 1947ರ ಕೊನೆಗೆ ಕಮಿಷನ್ ಪಡೆದು ಅಧಿಕಾರಿಯಾದರು. ಮರುವರ್ಷ ಏಪ್ರಿಲ್‌ನಲ್ಲಿ ಜಮ್ಮು-ಕಾಶ್ಮೀರದ ರಜೌರಿ ದಾರಿಯ ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟು ಪರಮವೀರ ಚಕ್ರ ಗಳಿಸಿದರು. ಆದರೂ 1968ರಲ್ಲಿ ನಿವೃತ್ತರಾದದ್ದು ಮೇಜರ್ ಆಗಿಯೇ. ಶೌರ್ಯ ಪದಕಕ್ಕೂ ಹುದ್ದೆಗೂ ಲೆಕ್ಕ ಬೇರೆ.

ಹಾಗಾದರೆ ವಶೀಲಿ ಎಂಬುದೇ ಇಲ್ಲವೇ? ಇದೆ, ಜನ ಹುಡುಕುವ ಜಾಗದಲ್ಲಿ ಮಾತ್ರ ಇಲ್ಲ. ಅಧಿಕಾರಿಗಳ ವಿಷಯದಲ್ಲಿ ಇದು ಹೆಚ್ಚು ಸ್ಪಷ್ಟ. ಭೂಸೇನೆಯಲ್ಲಿ ಲೆಫ್ಟಿನೆಂಟ್ ಕರ್ನಲ್, ನೌಕಾಪಡೆಯಲ್ಲಿ ಕಮಾಂಡರ್ ತನಕ 13 ವರ್ಷದ ಸೇವೆಗೆ ಬಡ್ತಿ ತಾನಾಗಿ ಬರುತ್ತದೆ. ಅಲ್ಲಿ ಯಾರ ಕಾಲು ಹಿಡಿದೂ ಪ್ರಯೋಜನವಿಲ್ಲ. ಅದರಾಚೆಗೆ ಆಯ್ಕೆ ಮಂಡಳಿ. ಭೂಸೇನೆಯ ಮಂಡಳಿ ಕರ್ನಲ್ ಹುದ್ದೆಗೆ ಆರಿಸುವಾಗ ಅಭ್ಯರ್ಥಿಯ ಹೆಸರು, ಯುನಿಟ್ಟು ಎರಡನ್ನೂ ಮರೆಮಾಚಿರುತ್ತಾರೆ. ಮುಖವೇ ಕಾಣದಲ್ಲಿ ಮುಖಪರಿಚಯ ಏನು ಮಾಡೀತು?

ಆಟ ನಡೆಯುವುದು ಅದಕ್ಕೂ ಮೊದಲು, ಗೌಪ್ಯ ವರದಿಯಲ್ಲಿ. ಭೂಸೇನೆಯಲ್ಲಿ ಮೂರು ಹಂತದ ಮೇಲಧಿಕಾರಿಗಳು 9ರೊಳಗೆ ಅಂಕ ಕೊಡುತ್ತಾರೆ. ಎಲ್ಲರಿಗೂ 8, 9 ಬರೆಯುವ ಕಡೆ ಒಬ್ಬರು 7 ಬರೆದರೂ ವರ್ಷಗಳ ದುಡಿಮೆ ಹಿಂದೆ ಬೀಳುತ್ತದೆ. ಮೊದಲನೆಯವರ ಅಂಕ ಅಧಿಕಾರಿಗೆ ತೋರಿಸುತ್ತಾರೆ, ಮೇಲಿನವರದ್ದು ಗುಟ್ಟು. ಮೆಚ್ಚುಗೆಯೋ ಮುನಿಸೋ ಇಲ್ಲೇ ನುಸುಳುವುದು. ಒಳ್ಳೆಯ ಕಮಾಂಡ್ ಹುದ್ದೆ ಯಾರಿಗೆ ಸಿಕ್ಕಿತು ಎಂಬುದೂ ಅಷ್ಟೇ ಮುಖ್ಯ. ಹಡಗು ನಡೆಸುವ ಅವಕಾಶವೇ ಸಿಗದವನ ಯೋಗ್ಯತೆ ಅಳೆಯುವುದಾದರೂ ಹೇಗೆ?

ಈ ವರದಿಗಳ ಹುಳುಕು ಸುಪ್ರೀಂ ಕೋರ್ಟಿನಲ್ಲೇ ಬಯಲಾಗಿದೆ. 2021ರ ಲೆಫ್ಟಿನೆಂಟ್ ಕರ್ನಲ್ ನಿತಿಶಾ ಪ್ರಕರಣದಲ್ಲಿ, ಮಹಿಳೆಯರಿಗೆ ಕಾಯಂ ಸೇವೆ ಹೇಗೂ ಇಲ್ಲವೆಂದು ಅವರ ವರದಿಗಳನ್ನು ಉಡಾಫೆಯಿಂದ ಬರೆಯಲಾಗಿತ್ತು, ಆಮೇಲೆ ಅವನ್ನೇ ಮುಂದಿಟ್ಟು ಅಳೆಯುವುದು ಅನ್ಯಾಯ ಎಂದಿತು ಕೋರ್ಟು. ಅಲ್ಲಿ ಯಾರ ವಶೀಲಿಯೂ ಇರಲಿಲ್ಲ, ಅಸಡ್ಡೆಯೇ ಸಾಕಾಗಿತ್ತು.

ತುತ್ತತುದಿಯ ಮಾತು ಬೇರೆ. ದಂಡನಾಯಕನ ಆಯ್ಕೆ ಸರಕಾರದ್ದು. 2016ರಲ್ಲಿ ಭೂಸೇನೆಯಲ್ಲಿ, 2019ರಲ್ಲಿ ನೌಕಾಪಡೆಯಲ್ಲಿ ಹಿರಿಯರನ್ನು ಬದಿಗಿಟ್ಟೇ ಮುಖ್ಯಸ್ಥರನ್ನು ನೇಮಿಸಿದರು.

ನಿಮ್ಮ ಮಗನಿಗೆ ನಿಜಕ್ಕೂ ಅನ್ಯಾಯವಾಗಿದ್ದರೆ ಅವನೇ ಕಮಾಂಡಿಂಗ್ ಆಫೀಸರ್ ಮೂಲಕ ಲಿಖಿತ ದೂರು ಕೊಡಲಿ. ಪ್ರತಿಯೊಂದರ ನಕಲು ಇಟ್ಟುಕೊಳ್ಳಲಿ. ಅಲ್ಲಿ ಆಗದಿದ್ದರೆ 2009ರಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಅದು ಸಾಮಾನ್ಯವಾಗಿ ತಾನೇ ಬಡ್ತಿ ಕೊಡುವುದಿಲ್ಲ. ತಪ್ಪು ವರದಿಯನ್ನು ರದ್ದು ಮಾಡಿ, ಮತ್ತೊಮ್ಮೆ ಪರಿಗಣಿಸಿ ಎನ್ನುತ್ತದೆ.