ಎರಡು ಮಿಲಿಮೀಟರ್ ಬದಲಿಸಿದರೆ ಪೇಟೆಂಟ್ ತಪ್ಪುತ್ತದೆಯೇ?

ಪುಣೆಯ ಭೋಸರಿಯಲ್ಲಿ ಲೇತ್ ನಡೆಸುವ ವಿಜಯಪುರ, ಬೆಳಗಾವಿ ಕಡೆಯ ನಮ್ಮವರಲ್ಲಿ ಒಂದು ನಂಬಿಕೆ ಬೇರೂರಿದೆ: ಬೇರೆಯವರ ಪಿಸ್ಟನ್ನಿನ ಅಳತೆಯನ್ನು ಎರಡು ಮಿಲಿಮೀಟರ್ ಬದಲಿಸಿದರೆ ಪೇಟೆಂಟ್ ತಗಲುವುದಿಲ್ಲ. ಬೆಕ್ಕು ಅಡ್ಡ ಬಂದರೆ ಕೆಲಸ ಕೆಡುತ್ತದೆ ಎಂಬುದಕ್ಕಿಂತ ಇದು ಹೆಚ್ಚು ದುಬಾರಿಯ ಮೂಢನಂಬಿಕೆ.

ಎಣ್ಣೆಯ ಹರಿವನ್ನು ಹಿಡಿದು ಬಿಡುವ ಪಿಸ್ಟನ್, ಅಂದರೆ ಸ್ಪೂಲ್, ಕವಾಟದ ರಂಧ್ರದಲ್ಲಿ ಹಿಂದೆ ಮುಂದೆ ಜಾರುತ್ತದೆ. ಎರಡರ ನಡುವಿನ ಸಂದು ಕೆಲವೇ ಮೈಕ್ರಾನ್; ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಸೋರಿಕೆ ಆ ಸಂದಿನ ಅಳತೆಯ ಘನಕ್ಕೆ (ಮೂರನೆಯ ಘಾತಕ್ಕೆ) ಅನುಗುಣವಾಗಿರುತ್ತದೆ: 10 ಮೈಕ್ರಾನ್ ಇದ್ದದ್ದು 20 ಆದರೆ ಸೋರಿಕೆ ಎಂಟು ಪಟ್ಟು. ಹಾಗೆಂದು ಬಿಗಿ ಮಾಡುತ್ತಾ ಹೋದರೂ ಕಷ್ಟವೇ. ಸ್ಪೂಲ್ ಒಂದು ತುದಿಯತ್ತ ತುಸು ಸಪೂರವಾಗುತ್ತಾ ಹೋಗಿದ್ದು ದಪ್ಪನೆಯ ತುದಿ ಹೆಚ್ಚು ಒತ್ತಡದ ಕಡೆಗಿದ್ದರೆ, ಸುತ್ತಲಿನ ಒತ್ತಡ ಏರುಪೇರಾಗಿ ಎಣ್ಣೆಯೇ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಅದಕ್ಕೆ ಮದ್ದು ಮೈಸುತ್ತ ಕೊರೆದ ಸಣ್ಣ ಗೀರುಗಳು. ಗೀರಿನೊಳಗೆ ಎಣ್ಣೆ ಸುತ್ತಿ ಬಂದು ಎಲ್ಲ ಬದಿಯ ಒತ್ತಡವನ್ನೂ ಸರಿದೂಗಿಸುತ್ತದೆ. ಅಂಚಿನಲ್ಲಿ ಕಚ್ಚು ಹಾಕಿದರೆ ಹರಿವು ಒಮ್ಮೆಲೇ ನುಗ್ಗದೆ ಮೆಲ್ಲನೆ ತೆರೆದುಕೊಳ್ಳುತ್ತದೆ. ಎಷ್ಟು ಚೆಂದದ ಉಪಾಯ!

ಜಗಳ ಹುಟ್ಟುವುದೂ ಇಲ್ಲೇ. ಸರಿದೂಗಿಸುವ ಗೀರು ಹಳೆಯದು. ಅದಷ್ಟಕ್ಕೇ ಯಾರಿಗೂ ಪೇಟೆಂಟ್ ಸಿಗದು. ಕಚ್ಚಿನ ಹೊಸ ಆಕಾರದಿಂದ, ಪರಿಣತರಿಗೂ ಸಹಜವಾಗಿ ಹೊಳೆಯದ ಫಲ ಬಂದರೆ ಸಿಗಬಹುದು. ನ್ಯಾಯಾಲಯ ಪೇಟೆಂಟ್ ದಾಖಲೆಯ ಹಕ್ಕುಕೋರಿಕೆಯ, ಅಂದರೆ ಯಾವುದು ತನ್ನದೆಂದು ಪೇಟೆಂಟುದಾರ ಬರೆದುಕೊಂಡಿರುವ ಭಾಗದ, ಒಂದೊಂದು ಅಂಶವನ್ನೂ ಎದುರಾಳಿಯ ಸ್ಪೂಲಿನಲ್ಲಿ ಹುಡುಕುತ್ತದೆ. ಕೋರಿಕೆಯಲ್ಲಿ ಅಳತೆಯೇ ಇಲ್ಲದಿದ್ದರೆ ನಿಮ್ಮ ಎರಡು ಮಿಲಿಮೀಟರಿಗೆ ಕಿಮ್ಮತ್ತಿಲ್ಲ. 2000ದ ವಿನ್ಯಾಸ ಕಾಯ್ದೆಯ ನೋಂದಣಿ ಬೇರೆಯೇ ವಿಷಯ. ಅದು ಕಣ್ಣಿಗೆ ಕಾಣುವ ರೂಪಕ್ಕೆ, ಯಂತ್ರದ ಕೆಲಸಕ್ಕಲ್ಲ.

ಬುದ್ಧಿವಂತರು ಬಳಸುದಾರಿ ಹಿಡಿದದ್ದೂ ಉಂಟು. 1780ರಲ್ಲಿ ಇಂಗ್ಲೆಂಡಿನ ಜೇಮ್ಸ್ ಪಿಕಾರ್ಡ್, ಹಿಂದೆ ಮುಂದೆ ಆಡುವುದನ್ನು ಸುತ್ತುವಂತೆ ಮಾಡುವ ಕ್ರ್ಯಾಂಕನ್ನು ಉಗಿಯಂತ್ರಕ್ಕೆ ಜೋಡಿಸುವ ಪೇಟೆಂಟ್ ಪಡೆದಾಗ, ಜೇಮ್ಸ್ ವಾಟ್ ಅಳತೆ ಬದಲಿಸಲಿಲ್ಲ. ಮರುವರ್ಷ ಒಂದು ಹಲ್ಲುಚಕ್ರದ ಸುತ್ತ ಇನ್ನೊಂದು ಸುತ್ತುವ ಬೇರೆಯೇ ಏರ್ಪಾಡಿಗೆ ತಾನೇ ಪೇಟೆಂಟ್ ಪಡೆದ.

ನಮ್ಮ ಪುಣೆಯ ಬಜಾಜ್ ಆಟೋ ಮತ್ತು ಟಿವಿಎಸ್ ಎರಡು ಸ್ಪಾರ್ಕ್ ಪ್ಲಗ್ಗಿನ ಎಂಜಿನ್ನಿಗಾಗಿ ಮದ್ರಾಸ್ ಹೈಕೋರ್ಟಿನಲ್ಲಿ ಕಾದಾಡಿದವು. 2008ರಲ್ಲಿ ಬಂದ ತಡೆಯಾಜ್ಞೆಯನ್ನು 2009ರಲ್ಲಿ ವಿಭಾಗೀಯ ಪೀಠ ತೆರವುಗೊಳಿಸಿತು. ತಾತ್ಕಾಲಿಕ ಆದೇಶಕ್ಕಾಗಿಯೇ ಇಷ್ಟು ಕಾಲ ಹೋದದ್ದನ್ನು ಕಂಡ ಸುಪ್ರೀಂ ಕೋರ್ಟ್, ಇಂಥ ಮೊಕದ್ದಮೆಗಳ ವಿಚಾರಣೆ ದಿನದಿನವೂ ನಡೆದು ಸಾಮಾನ್ಯವಾಗಿ ನಾಲ್ಕು ತಿಂಗಳಲ್ಲಿ ತೀರ್ಪು ಬರಬೇಕೆಂದಿತು.